ಸರ್ವರ್ ರ‍್ಯಾಕ್ ಎಷ್ಟು ಕರೆಂಟು ತಿನ್ನುತ್ತದೆ, ಎಷ್ಟು ಬಿಸಿ ಬಿಡುತ್ತದೆ: ನಮ್ಮ ಕರಾವಳಿ-ಘಟ್ಟದ ಸರ್ವರ್ ರೂಮುಗಳಿಗೆ ದೋಷ ನಿವಾರಣೆ ಕೈಪಿಡಿ

ಒಂದು ಏಪ್ರಿಲ್ ಮಧ್ಯಾಹ್ನ ಕಾರವಾರದ ಕಚೇರಿಯೊಂದರಿಂದ ಫೋನ್ ಬಂತು. "ಸರ್, ಲೆಕ್ಕ ಹಾಕಿಯೇ ಎರಡು ಟನ್ನಿನ ಏಸಿ ತಂದದ್ದು. ಆದ್ರೂ ಸರ್ವರ್ ರೂಮಿನ ಗೋಡೆ ಬೆವರ್ತದೆ. ಮುಟ್ಟಿದ್ರೆ ಎಲ್ಲ ಅಂಟಂಟು." ಅದೇ ತಿಂಗಳು ಶಿರಸಿಯ ಒಂದು ಸಂಘದಿಂದ ಇನ್ನೊಂದು ಫೋನ್. ಅಲ್ಲಿ ತೊಂದರೆ ಉಲ್ಟಾ. ಒಂದು ಟನ್ನಿನ ಏಸಿ ಬೆಳಗಿನಿಂದ ನಿಲ್ಲದೆ ಓಡಿದರೂ ಸರ್ವರ್‌ಗಳನ್ನು ಜೋಡಿಸಿಟ್ಟ ಕಪಾಟಿನ, ಅಂದರೆ ರ‍್ಯಾಕಿನ ಮುಂದೆ 34 ಡಿಗ್ರಿ.

ಎರಡೂ ಕಡೆ ಏಸಿ ಕೆಟ್ಟಿರಲಿಲ್ಲ. ತಪ್ಪಿದ್ದು ಲೆಕ್ಕ. ಒಬ್ಬರು ಪವರ್ ಸಪ್ಲೈ (ಗೋಡೆಯ ಕರೆಂಟನ್ನು ಸರ್ವರ್‌ಗೆ ಬೇಕಾದ ಹಾಗೆ ಬದಲಿಸಿ ಕೊಡುವ ಪೆಟ್ಟಿಗೆ) ಮೇಲಿನ ಸ್ಟಿಕ್ಕರ್ ನೋಡಿ ಕೂಡಿಸಿದ್ದರು. ಇನ್ನೊಬ್ಬರು ಪ್ರೊಸೆಸರ್ ಎಷ್ಟು ವ್ಯಾಟ್ ಎಂದಷ್ಟೇ ನೋಡಿದ್ದರು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಣ್ಣ ಸರ್ವರ್ ರೂಮುಗಳಲ್ಲಿ ನಾನು ಕಂಡ ಎಷ್ಟೋ ತೊಂದರೆಗಳ ಬೇರು ಇಲ್ಲೇ ಇದೆ. ಏಸಿ ಸಾಲುವುದಿಲ್ಲ, ಯುಪಿಎಸ್ ಬೇಗ ಕೈಕೊಡುತ್ತದೆ, ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಬೀಳುತ್ತದೆ, ಬಿಲ್ ಜಾಸ್ತಿ ಬರುತ್ತದೆ. ನಾಲ್ಕಕ್ಕೂ ಮೊದಲು ಬೇಕಾದದ್ದು ಒಂದೇ ಅಂಕಿ: ನಿಮ್ಮ ರ‍್ಯಾಕ್ ಗೋಡೆಯ ಪ್ಲಗ್ಗಿನಿಂದ ನಿಜವಾಗಿ ಎಷ್ಟು ವ್ಯಾಟ್ ಎಳೆಯುತ್ತಿದೆ? ಅದು ಗೊತ್ತಾಗದೆ ಹೊಸ ಏಸಿಗೋ ಹೊಸ ಯುಪಿಎಸ್‌ಗೋ ದುಡ್ಡು ಹಾಕಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಸುಟ್ಟ ವಾಸನೆ, ಬಿಸಿ ಪ್ಲಗ್, ಉಬ್ಬಿದ ಬ್ಯಾಟರಿ: ಇವಿದ್ದರೆ ಮುಂದೆ ಓದಬೇಡಿ

ಪ್ಲಗ್ ಅಥವಾ ಸಾಕೆಟ್ ಮುಟ್ಟಿದರೆ ಕೈ ಹಿಂದಕ್ಕೆ ಎಳೆಯುವಷ್ಟು ಬಿಸಿ ಇದೆಯೇ? ಸಾಕೆಟ್ಟಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆಯೇ? ಸುಟ್ಟ ವಾಸನೆ, ಚಟಪಟ ಸದ್ದು, ರ‍್ಯಾಕ್ ಮುಟ್ಟಿದರೆ ಜುಂ ಎನ್ನುವ ಶಾಕ್, ಹೊಟ್ಟೆ ಉಬ್ಬಿದ ಯುಪಿಎಸ್ ಬ್ಯಾಟರಿ, ಇವುಗಳಲ್ಲಿ ಒಂದು ಕಂಡರೂ ಸರ್ವರ್‌ಗಳನ್ನು ಸರಿಯಾಗಿ ಶಟ್‌ಡೌನ್ ಮಾಡಿ, ಲೈನ್ ಆಫ್ ಮಾಡಿ, ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್‌ನನ್ನು ಕರೆಯಿರಿ. ಹೊಗೆಯೋ ಕಿಡಿಯೋ ಕಂಡರೆ ಶಟ್‌ಡೌನಿಗೂ ಕಾಯಬೇಡಿ. ನೇರ ಮೇನ್ ಆಫ್ ಮಾಡಿ ಹೊರಗೆ ಬನ್ನಿ. ಡೇಟಾ ಬ್ಯಾಕಪ್‌ನಿಂದ ವಾಪಸ್ ತರಬಹುದು.

ಇನ್ನೊಂದು ಮಾತು. ಮೇನ್ ಆಫ್ ಮಾಡಿದರೂ ಯುಪಿಎಸ್‌ನ ಔಟ್‌ಪುಟ್‌ನಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ. 12 ವೋಲ್ಟಿನ ಎಂಟು ಬ್ಯಾಟರಿ ಸಾಲಾಗಿ ಕಟ್ಟಿದ್ದರೆ ಅಲ್ಲಿ 96 ವೋಲ್ಟ್ ಡಿಸಿ. ಅದೂ ಜೀವಕ್ಕೆ ಅಪಾಯ. ಯುಪಿಎಸ್ ಬಿಚ್ಚುವುದು, ಬ್ಯಾಟರಿ ತಂತಿ ಕಳಚುವುದು ನಮ್ಮ ನಿಮ್ಮ ಕೆಲಸವಲ್ಲ. ಮಳೆಗಾಲದಲ್ಲಿ ಒದ್ದೆ ಕಾಲಿನಲ್ಲಿ, ಬರಿಗಾಲಿನಲ್ಲಿ ಪ್ಯಾನೆಲ್ ಹತ್ತಿರ ಹೋಗುವುದಂತೂ ಬೇಡವೇ ಬೇಡ.

ನಿಮ್ಮ ಲೆಕ್ಕ ಒಂದು, ಮೀಟರ್ ತೋರಿಸುವುದು ಇನ್ನೊಂದು

ಕಾರವಾರದ ರ‍್ಯಾಕ್‌ನಲ್ಲಿ ನಾಲ್ಕು ಸರ್ವರ್ ಇದ್ದವು. ಪ್ರತಿಯೊಂದಕ್ಕೂ 750 ವ್ಯಾಟಿನ ಎರಡು ಪವರ್ ಸಪ್ಲೈ. ಜೊತೆಗೆ ಒಂದು ಸ್ಟೋರೇಜ್ ಪೆಟ್ಟಿಗೆ, ಅದಕ್ಕೆ 550ರ ಎರಡು. ಮತ್ತೊಂದು 150 ವ್ಯಾಟಿನ ನೆಟ್‌ವರ್ಕ್ ಸ್ವಿಚ್. ಅವರು ಎಲ್ಲ ಕೂಡಿಸಿದರು: 7,250 ವ್ಯಾಟ್. ಅದನ್ನು ಏಸಿ ಲೆಕ್ಕಕ್ಕೆ ತಂದರೆ ಎರಡು ಟನ್. ಹಾಗೆ ಬಂತು ಆ ಏಸಿ.

ನಾವು ಅಳೆದಾಗ ರ‍್ಯಾಕ್ ತಿನ್ನುತ್ತಿದ್ದದ್ದು 1,120 ವ್ಯಾಟ್. ಯುಪಿಎಸ್ ತಾನು ತಿನ್ನುವುದೂ ಸೇರಿ ಗೋಡೆಯ ಕಡೆ 1,230. ಸ್ಟಿಕ್ಕರ್ ಲೆಕ್ಕದ ಆರನೇ ಒಂದು ಭಾಗ.

ಸ್ಟಿಕ್ಕರ್ ಸುಳ್ಳು ಹೇಳುವುದಿಲ್ಲ. ಪವರ್ ಸಪ್ಲೈ ಗರಿಷ್ಠ ಎಷ್ಟು ಕೊಡಬಲ್ಲದು ಎಂದು ಅದು ಹೇಳುತ್ತದೆ, ಅಷ್ಟೇ. 20 ಲೀಟರಿನ ಕೊಡಪಾನ ಇದೆ ಎಂದರೆ ದಿನಕ್ಕೆ 20 ಲೀಟರ್ ಕುಡಿಯುತ್ತೀರಿ ಎಂದಲ್ಲ, ಅಲ್ವಾ? ಇನ್ನು ಎರಡನೇ ಪವರ್ ಸಪ್ಲೈ ಇರುವುದು ಮೊದಲನೆಯದು ಕೆಟ್ಟರೆ ಕೈಹಿಡಿಯಲಿಕ್ಕೆ. ಎರಡೂ ಸೇರಿ ಒಂದೇ ಲೋಡನ್ನು ಹಂಚಿಕೊಳ್ಳುತ್ತವೆ. ಅವನ್ನು ಕೂಡಿಸಿದರೆ ಒಂದೇ ಲೋಡನ್ನು ಎರಡು ಸಲ ಎಣಿಸಿದ ಹಾಗೆ.

ಈಗ ಅಳೆಯುವ ದಾರಿಗಳು. ದುಡ್ಡಿಲ್ಲದ್ದು ಮೊದಲು.

ಸರ್ವರ್ ತಾನೇ ಹೇಳುತ್ತದೆ. ಡೆಲ್‌ನಲ್ಲಿ ಐಡ್ರ್ಯಾಕ್, ಎಚ್‌ಪಿಯಲ್ಲಿ ಐಎಲ್‌ಒ ಎಂಬ ನಿರ್ವಹಣಾ ಪುಟ ಇರುತ್ತದೆ. ಅಲ್ಲಿ ಪವರ್ ವಿಭಾಗ ತೆರೆದರೆ ಈಗಿನ ವ್ಯಾಟ್, ಸರಾಸರಿ, ಗರಿಷ್ಠ ಮೂರೂ ಸಾಮಾನ್ಯವಾಗಿ ಸಿಗುತ್ತವೆ. ಬೇರೆ ಕಂಪನಿಗಳ ಸರ್ವರ್‌ಗಳಲ್ಲೂ ಐಪಿಎಂಐ ಎಂಬ ಸಾಮಾನ್ಯ ನಿರ್ವಹಣಾ ವ್ಯವಸ್ಥೆಯ ಮೂಲಕ ಇದೇ ಮಾಹಿತಿ ಪಡೆಯಬಹುದು. ಸರಾಸರಿಯನ್ನೂ ಗರಿಷ್ಠವನ್ನೂ ಎರಡನ್ನೂ ಬರೆದಿಟ್ಟುಕೊಳ್ಳಿ. ಬಿಲ್ಲಿಗೆ ಸರಾಸರಿ ಬೇಕು. ಏಸಿಗೆ, ವೈರಿಗೆ, ಯುಪಿಎಸ್‌ಗೆ ಗರಿಷ್ಠ ಬೇಕು. ಕಾರವಾರದ ರ‍್ಯಾಕ್ ಹಗಲಿಗೆ 1,230 ಇದ್ದದ್ದು ರಾತ್ರಿ ಡೇಟಾ ಬ್ಯಾಕಪ್ ಓಡುವಾಗ 1,540ಕ್ಕೆ ಏರುತ್ತಿತ್ತು. ಹಗಲು ಹತ್ತು ನಿಮಿಷ ನೋಡಿ ಬಂದರೆ ಇದು ಕಾಣುವುದೇ ಇಲ್ಲ.

ಎರಡನೆಯದು ಕರೆಂಟಿನ ಮೀಟರ್. ಇದು ನನಗೆ ತುಂಬ ಇಷ್ಟದ ಉಪಾಯ. ಡಿಜಿಟಲ್ ಮೀಟರ್ ಮೇಲೆ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ. ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಎಂದು ಮೀಟರ್ ಮುಖದ ಮೇಲೆಯೇ ಬರೆದಿರುತ್ತದೆ. ಸಿಂಗಲ್ ಫೇಸ್‌ನಲ್ಲಿ 3200 ಎಂದು ಇರುವುದು ಹೆಚ್ಚು. ಭಾನುವಾರ ಕಚೇರಿಯ ಬೇರೆಲ್ಲ ಆಫ್ ಮಾಡಿ, ಏಸಿಯನ್ನೂ ಐದು ನಿಮಿಷ ನಿಲ್ಲಿಸಿ, ರ‍್ಯಾಕ್ ಒಂದೇ ಓಡುವಾಗ 50 ಮಿಣುಕಿಗೆ ಎಷ್ಟು ಸೆಕೆಂಡ್ ಎಂದು ಮೊಬೈಲಿನಲ್ಲಿ ಹಿಡಿಯಿರಿ. 36,00,000ವನ್ನು ಮಿಣುಕಿನ ಸಂಖ್ಯೆಯಿಂದ ಗುಣಿಸಿ. ಅದನ್ನು ಮೀಟರಿನ ಸಂಖ್ಯೆಯಿಂದಲೂ ಸೆಕೆಂಡಿನಿಂದಲೂ ಭಾಗಿಸಿ. 50 ಮಿಣುಕಿಗೆ 46 ಸೆಕೆಂಡ್ ಹಿಡಿದರೆ 36,00,000 × 50 ÷ 3200 ÷ 46, ಅಂದರೆ ಸುಮಾರು 1,223 ವ್ಯಾಟ್. ಯುಪಿಎಸ್ ಬ್ಯಾಟರಿ ಆಗ ಪೂರ್ತಿ ಚಾರ್ಜ್ ಆಗಿರಬೇಕು. ಇಲ್ಲದಿದ್ದರೆ ಚಾರ್ಜಿನ ಲೋಡೂ ಅದರಲ್ಲಿ ಸೇರಿಬಿಡುತ್ತದೆ.

ಮೂರನೆಯದು ಪ್ಲಗ್ಗಿಗೆ ಹಾಕುವ ವ್ಯಾಟ್ ಮೀಟರ್. ಎರಡು ಪವರ್ ಸಪ್ಲೈ ಇರುವ ಸರ್ವರ್‌ನಲ್ಲಿ ಎರಡೂ ಕಡೆ ಅಳೆದು ಕೂಡಿಸಬೇಕು. ಕೆಲವು ಸರ್ವರ್‌ಗಳು ಒಂದನ್ನು ಸುಮ್ಮನೆ ಕೂರಿಸಿಟ್ಟು ಇನ್ನೊಂದರಿಂದಲೇ ಪೂರ್ತಿ ಎಳೆಯುತ್ತವೆ. ಆಗ ಒಂದರಲ್ಲಿ ಐದೋ ಹತ್ತೋ ವ್ಯಾಟ್ ಕಾಣುತ್ತದೆ. ಮೀಟರ್ ಕೆಟ್ಟಿದೆ ಎಂದುಕೊಳ್ಳಬೇಡಿ. ಪ್ಲಗ್ ಕಳಚುವ ಮೊದಲು ಎರಡೂ ಪವರ್ ಸಪ್ಲೈಗಳ ಹಸಿರು ದೀಪ ನೋಡಿ. ಒಂದು ಮೊದಲೇ ಸತ್ತಿದ್ದರೆ ನೀವು ಕಳಚಿದ ಕೂಡಲೇ ಸರ್ವರ್ ಬಿದ್ದುಹೋಗುತ್ತದೆ. ಇದು ನನ್ನ ಕಣ್ಣೆದುರೇ ಆಗಿದೆ.

ತಂತಿಯ ಸುತ್ತ ಹಿಡಿದು ಆಂಪಿಯರ್ ಅಳೆಯುವ ಕ್ಲಾಂಪ್ ಮೀಟರನ್ನು ಎಲೆಕ್ಟ್ರಿಶಿಯನ್ ಕೈಗೆ ಬಿಡಿ. ಅದನ್ನು ಒಂದೇ ತಂತಿಯ ಸುತ್ತ ಹಾಕಬೇಕು. ಇಡೀ ಕೇಬಲ್ ಸುತ್ತ ಹಾಕಿದರೆ ಹೋಗುವ ಕರೆಂಟು ಬರುವ ಕರೆಂಟು ಒಂದನ್ನೊಂದು ಅಳಿಸಿ ಸೊನ್ನೆ ತೋರಿಸುತ್ತದೆ. ಆಂಪಿಯರ್ ಸಿಕ್ಕಿದ ಮೇಲೆ ವೋಲ್ಟ್‌ನಿಂದ ಗುಣಿಸಿದರೆ ಬರುವುದು ವೋಲ್ಟ್-ಆಂಪಿಯರ್ (ವಿಎ), ವ್ಯಾಟ್ ಅಲ್ಲ. ಒಳ್ಳೆಯ ಸರ್ವರ್ ಪವರ್ ಸಪ್ಲೈಗಳಲ್ಲಿ ಲೋಡ್ ಚೆನ್ನಾಗಿದ್ದಾಗ ಎರಡಕ್ಕೂ ಹೆಚ್ಚು ಅಂತರ ಇರುವುದಿಲ್ಲ. ಲೋಡ್ ತೀರಾ ಕಡಿಮೆ ಇದ್ದಾಗ ಅಂತರ ಹೆಚ್ಚುತ್ತದೆ.

ಸರ್ವರ್ ಇನ್ನೂ ಬಂದೇ ಇಲ್ಲ, ಮೊದಲೇ ಅಂದಾಜು ಬೇಕು ಎಂದರೆ? ಆಗ ಬಿಡಿಭಾಗ ಕೂಡಿಸಿ. 85 ವ್ಯಾಟಿನ ಎರಡು ಪ್ರೊಸೆಸರ್ 170. ಎಂಟು ಮೆಮೊರಿ ಪಟ್ಟಿ, ತಲಾ 4 ಹಿಡಿದರೆ 32. ಎಂಟು ದೊಡ್ಡ ಡಿಸ್ಕ್, ತಲಾ 8ರಂತೆ 64. ಬೋರ್ಡು, ಫ್ಯಾನು ಸೇರಿ 60. ಒಟ್ಟು 326. ಪವರ್ ಸಪ್ಲೈ 92 ಶೇಕಡಾ ದಕ್ಷತೆಯದ್ದಾದರೆ 326ನ್ನು 0.92ರಿಂದ ಭಾಗಿಸಿ: 354 ವ್ಯಾಟ್. ಇದು ಮೈಮುರಿದು ದುಡಿಯುವಾಗಿನ ಅಂಕಿ. ದಿನನಿತ್ಯದ ಕೆಲಸದಲ್ಲಿ ಇದರ ಅರ್ಧದಿಂದ ಮೂರನೇ ಎರಡು ಭಾಗದ ಒಳಗೆ ಇರುವುದನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ಪ್ರೊಸೆಸರ್ ಸ್ವಲ್ಪ ಹೊತ್ತು ತನ್ನ ಬರೆದ ವ್ಯಾಟನ್ನು ದಾಟುವುದೂ ಉಂಟು, ಹಾಗಾಗಿ ಯುಪಿಎಸ್ ಆರಿಸುವಾಗ ಅಂಚಿಗೆ ಅಂಟಿಸಿ ಲೆಕ್ಕ ಹಾಕಬೇಡಿ.

ಏಸಿ ನಿಲ್ಲದೆ ಓಡುತ್ತಿದೆ, ರೂಮು ಮಾತ್ರ ಸೆಕೆ

ವ್ಯಾಟ್ ಸಿಕ್ಕಿತಲ್ಲ, ಬಿಸಿಯ ಲೆಕ್ಕ ಸುಲಭ. ಸರ್ವರ್ ತಿಂದ ಕರೆಂಟು ಹೆಚ್ಚುಕಡಿಮೆ ಪೂರ್ತಿ ಬಿಸಿಯಾಗಿಯೇ ಹೊರಬರುತ್ತದೆ. 1,230 ವ್ಯಾಟ್ ತಿಂದರೆ 1,230 ವ್ಯಾಟ್ ಬಿಸಿ. ಇಸ್ತ್ರಿ ಪೆಟ್ಟಿಗೆಯೊಂದನ್ನು ಹಗಲೂ ರಾತ್ರಿ ರೂಮಿನಲ್ಲಿ ಉರಿಸಿಟ್ಟ ಹಾಗೆ. ಏಸಿಯವರು ಬಿಟಿಯು ಎಂಬ ಬಿಸಿಯ ಅಳತೆಯಲ್ಲಿ ಮಾತಾಡುತ್ತಾರೆ. ವ್ಯಾಟನ್ನು 3.412ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಬಿಟಿಯು ಎಂದು ಬರುತ್ತದೆ. 12,000 ಬಿಟಿಯುಗೆ ಒಂದು ಟನ್, ಅಂದರೆ 3,517 ವ್ಯಾಟ್.

ಇಲ್ಲಿ ಕರಾವಳಿಯವರು ಒಂದು ವಿಷಯ ನೆನಪಿಡಬೇಕು. ಸರ್ವರ್ ಬಿಡುವುದು ಒಣ ಬಿಸಿ. ನಮ್ಮ ಗಾಳಿಯಲ್ಲಿ ಇರುವುದು ನೀರು. ಏಸಿಯ ಶಕ್ತಿಯ ಒಂದು ಪಾಲು ಆ ನೀರನ್ನು ಹಿಂಡಿ ಪೈಪಿನಲ್ಲಿ ಹೊರಗೆ ಬಿಡುವುದಕ್ಕೇ ಹೋಗುತ್ತದೆ. ಮನೆಗೆ ಹಾಕುವ ಸ್ಪ್ಲಿಟ್ ಏಸಿಯಾದರೆ ಬರೆದದ್ದರ ಮುಕ್ಕಾಲು ಪಾಲು ಮಾತ್ರ ಸರ್ವರ್ ಬಿಸಿಗೆ ಸಿಗುತ್ತದೆ ಎಂದು ಹಿಡಿಯುತ್ತೇನೆ. ಒಂದು ಟನ್ ಎಂದರೆ ಸುಮಾರು 2,600 ವ್ಯಾಟ್.

ಶಿರಸಿಯ ರೂಮಿನಲ್ಲಿ ರ‍್ಯಾಕ್ 1,900 ವ್ಯಾಟ್ ಎಳೆಯುತ್ತಿತ್ತು. 2,600ರ ಒಳಗೇ ಇದೆಯಲ್ಲ ಎನಿಸುತ್ತದೆ. ಆದರೆ ರೂಮು ಇದ್ದದ್ದು ಮಾಳಿಗೆಯಲ್ಲಿ, ನೇರ ಹಂಚಿನ ಮಾಡಿನ ಕೆಳಗೆ. ಕಾದ ಹಂಚಿನ ಬಿಸಿ, ಪಶ್ಚಿಮದ ಗೋಡೆಯ ಬಿಸಿ, ಒಳಗೆ ಕೂತು ಕೆಲಸ ಮಾಡುವ ಒಬ್ಬ ಮನುಷ್ಯನ ಸುಮಾರು 100 ವ್ಯಾಟ್, ಎಲ್ಲ ಸೇರಿ ಮಧ್ಯಾಹ್ನ ಏಸಿಯ ಕೈ ಮೀರಿತ್ತು.

ನಿಮ್ಮ ರೂಮಿನ ಕಥೆ ಯಾವುದು ಎಂದು ತಿಳಿಯಲು ಹೀಗೆ ನೋಡಿ.

ಎರಡು ಅಗ್ಗದ ಥರ್ಮಾಮೀಟರ್ ತನ್ನಿ. ಒಂದನ್ನು ಸರ್ವರ್‌ನ ಮುಂದೆ, ಗಾಳಿ ಒಳಗೆ ಹೋಗುವಲ್ಲಿ ಇಡಿ. ಇನ್ನೊಂದನ್ನು ಏಸಿಯ ಗಾಳಿ ಹೊರಬರುವ ಬಾಯಿಯಲ್ಲಿ. ಅರ್ಧ ಗಂಟೆ ಬಿಡಿ. ಏಸಿಯ ಬಾಯಿಯಲ್ಲಿ ಗಾಳಿ ಚೆನ್ನಾಗಿ ತಣ್ಣಗಿದೆ, ಸರ್ವರ್ ಮುಂದೆ ಮಾತ್ರ ಬಿಸಿ ಎಂದರೆ ತಣ್ಣನೆ ಗಾಳಿ ತಲುಪಬೇಕಾದಲ್ಲಿ ತಲುಪುತ್ತಿಲ್ಲ. ಏಸಿಯ ಬಾಯಿಯಲ್ಲೇ ಬೆಚ್ಚಗಿದ್ದರೆ ತೊಂದರೆ ಏಸಿಯಲ್ಲಿ. ಬೆಳಿಗ್ಗೆ ಸರಿ ಇದ್ದು ಮಧ್ಯಾಹ್ನ ಎರಡರಿಂದ ಐದರವರೆಗೆ ಮಾತ್ರ ಏರುತ್ತದೆ ಎಂದರೆ ಮಾಡು ಮತ್ತು ಗೋಡೆ. ರಾತ್ರಿ ಬ್ಯಾಕಪ್ ಹೊತ್ತಿಗೆ ಏರುತ್ತದೆ ಎಂದರೆ ಸರ್ವರ್ ಲೋಡು.

ತಣ್ಣನೆ ಗಾಳಿ ತಲುಪದಿದ್ದರೆ ಮೊದಲು ರ‍್ಯಾಕ್‌ನ ಮುಖ ಯಾವ ಕಡೆ ಇದೆ ನೋಡಿ. ಸರ್ವರ್ ಮುಂದಿನಿಂದ ಉಸಿರು ತೆಗೆದುಕೊಂಡು ಹಿಂದೆ ಬಿಡುತ್ತದೆ. ಶಿರಸಿಯಲ್ಲಿ ಏಸಿಯ ಗಾಳಿ ರ‍್ಯಾಕ್‌ನ ಬೆನ್ನಿಗೆ ಬೀಳುತ್ತಿತ್ತು. ಜೊತೆಗೆ ಸರ್ವರ್‌ಗಳ ನಡುವೆ ಖಾಲಿ ಬಿಟ್ಟ ಜಾಗದಿಂದ ಹಿಂದಿನ ಬಿಸಿ ಗಾಳಿ ಸುತ್ತಿ ಮುಂದಕ್ಕೇ ಬರುತ್ತಿತ್ತು. ಎಲ್ಲ ಶಟ್‌ಡೌನ್ ಮಾಡಿ ರ‍್ಯಾಕ್ ತಿರುಗಿಸಿದೆವು. ಖಾಲಿ ಜಾಗಕ್ಕೆ ಮುಚ್ಚುವ ಪಟ್ಟಿ ಹಾಕಿದೆವು. ಮರುದಿನ ಮಧ್ಯಾಹ್ನ ಸರ್ವರ್ ಮುಂದೆ 34 ಇದ್ದದ್ದು 29ಕ್ಕೆ ಇಳಿಯಿತು. ಹೊಸ ಏಸಿಯ ಮಾತು ಎತ್ತುವ ಮೊದಲೇ ಐದು ಡಿಗ್ರಿ! ಆಮೇಲೆ ಮಾಡಿನ ಕೆಳಗೆ ಬಿಸಿ ತಡೆಯುವ ಹಾಳೆ ಹಾಕಿ ಸೀಲಿಂಗ್ ಮಾಡಿಸಿದರು. ಅಲ್ಲಿಂದ ಮುಂದೆ ಅದೇ ಒಂದು ಟನ್ ಸಾಕಾಯಿತು.

ಏಸಿಯ ಬಾಯಿಯಲ್ಲೇ ಬಿಸಿ ಇದ್ದರೆ ಒಳಗಿನ ಜಾಲರಿ ತೊಳೆಯಿರಿ. ಹೊರಗಿನ ಯೂನಿಟ್ ನೋಡಿ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಸಮುದ್ರದ ಗಾಳಿ ಬೀಸುವ ಎಲ್ಲ ಕಡೆ ಅದರ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಬಿಳಿ ಪುಡಿ ಕೂರುತ್ತದೆ. ಅದು ಉಪ್ಪಿನ ಕೆಲಸ. ಹಾಗೇ ಬಿಟ್ಟರೆ ಬೆರಳು ತಾಗಿದರೆ ಪುಡಿಯಾಗುವ ಹಂತಕ್ಕೆ ಬರುತ್ತದೆ. ಲೈನ್ ಆಫ್ ಮಾಡಿ ಸಿಹಿನೀರಿನಲ್ಲಿ ಮೆಲ್ಲಗೆ ತೊಳೆಯಬೇಕು. ಬಾವಿ ನೀರು ಉಪ್ಪಾಗಿರುವ ಕಡೆ ಅದೇ ನೀರು ಹಾಕಬೇಡಿ. ರೆಕ್ಕೆಗಳು ಉದುರಲು ಶುರುವಾಗಿದ್ದರೆ, ಪೈಪಿನಲ್ಲಿ ಮಂಜು ಕಟ್ಟಿದ್ದರೆ, ಎಣ್ಣೆ ಜಿಡ್ಡು ಕಂಡರೆ ಅಲ್ಲಿಗೆ ನಿಲ್ಲಿಸಿ ಏಸಿ ಮೆಕ್ಯಾನಿಕ್ ಕರೆಯಿರಿ. ಗ್ಯಾಸಿನ ಕೆಲಸ ಅವರದ್ದು.

ಸರ್ವರ್ ಮುಂದಿನ ಗಾಳಿ 18ರಿಂದ 27 ಡಿಗ್ರಿ ಒಳಗಿದ್ದರೆ ಒಳ್ಳೆಯದು. 32 ದಾಟಿದರೆ ಅಂದೇ ಏನಾದರೂ ಮಾಡಬೇಕು. 35 ದಾಟಿದರೆ ಮುಖ್ಯವಲ್ಲದ ಸರ್ವರ್‌ಗಳನ್ನು ಆಗಲೇ ಇಳಿಸಿ.

ರೂಮು ತಣ್ಣಗಿದೆ, ಆದರೆ ಗೋಡೆ ಬೆವರುತ್ತದೆ

ಇದು ಕಾರವಾರದ ರೂಮು. ಏಸಿ ದೊಡ್ಡದಾದರೆ ನಷ್ಟ ಏನು, ಬೇಗ ತಣ್ಣಗಾಗುತ್ತದಲ್ಲ ಎಂದು ಅಲ್ಲಿಯವರು ಕೇಳಿದರು. ನ್ಯಾಯವಾದ ಪ್ರಶ್ನೆ. ದೊಡ್ಡ ಏಸಿ ನಾಲ್ಕು ನಿಮಿಷದಲ್ಲಿ ಗಾಳಿ ತಣ್ಣಗೆ ಮಾಡಿ ಕಂಪ್ರೆಸರ್ ನಿಲ್ಲಿಸುತ್ತದೆ. ಅಷ್ಟರಲ್ಲಿ ಒಳಗಿನ ಸುರುಳಿಯ ಮೇಲೆ ನೀರಿನ ಹನಿ ಕೂತಿರುತ್ತದೆಯೇ ಹೊರತು ಹರಿದು ಪೈಪಿಗೆ ಹೋಗಿರುವುದಿಲ್ಲ. ಫ್ಯಾನ್ ಮಾತ್ರ ಓಡುತ್ತಿರುತ್ತದೆ. ಆ ನೀರು ಮತ್ತೆ ಗಾಳಿಗೇ ಸೇರುತ್ತದೆ. ತಣ್ಣಗೆ, ಆದರೆ ಒದ್ದೆ.

ಅದರ ಮೇಲೆ ಅವರು ಏಸಿಯನ್ನು 18ಕ್ಕೆ ಇಟ್ಟಿದ್ದರು. ಮಳೆಗಾಲದಲ್ಲಿ, ಅದರ ಹಿಂದುಮುಂದಿನ ವಾರಗಳಲ್ಲೂ, ನಮ್ಮ ತೀರದ ಗಾಳಿಯಲ್ಲಿ ಎಷ್ಟು ನೀರಿರುತ್ತದೆ ಎಂದರೆ ಸುಮಾರು 24 ಡಿಗ್ರಿಗಿಂತ ತಣ್ಣಗಿರುವ ಯಾವುದೇ ವಸ್ತುವಿನ ಮೇಲೆ ಅದು ಹನಿಯಾಗಿ ಕೂರುತ್ತದೆ. ತಣ್ಣೀರಿನ ಲೋಟದ ಹೊರಮೈ ಒದ್ದೆಯಾಗುವುದು ಇದೇ ಕಾರಣಕ್ಕೆ. 18 ಡಿಗ್ರಿಯ ರೂಮಿನ ಬಾಗಿಲು ಒಬ್ಬರು ತೆರೆದು ನಿಂತರೆ ಸಾಕು, ಗೋಡೆ, ರ‍್ಯಾಕ್‌ನ ಕಬ್ಬಿಣ, ನೆಲ ಎಲ್ಲ ಬೆವರುತ್ತವೆ. ಓಡುತ್ತಿರುವ ಸರ್ವರ್‌ನ ಒಳಗೆ ಬೆಚ್ಚಗಿರುವುದರಿಂದ ಅಲ್ಲಿ ಹನಿ ಕೂರುವುದು ಕಡಿಮೆ. ಆಫ್ ಆಗಿರುವ ಸರ್ವರ್, ಖಾಲಿ ಸಾಕೆಟ್, ಪ್ಯಾನೆಲ್ ಇವಕ್ಕೆ ಅಪಾಯ ಹೆಚ್ಚು.

ಮಾಡಬೇಕಾದದ್ದು: ಏಸಿಯನ್ನು 24-25ಕ್ಕೆ ಏರಿಸಿ. ಸರ್ವರ್‌ಗೆ ಅದು ಆರಾಮ. ಬಾಗಿಲಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿ, ಕಿಟಕಿಯ ತೂತು ಮುಚ್ಚಿ. ತೇವಾಂಶ ತೋರಿಸುವ ಚಿಕ್ಕ ಮೀಟರ್ ಒಂದು ಗೋಡೆಗಿರಲಿ, 60 ಶೇಕಡಾದ ಒಳಗೆ ಇದ್ದರೆ ನೆಮ್ಮದಿ. ಇಷ್ಟರಲ್ಲಿ ಸರಿಹೋಗದಿದ್ದರೆ ಮಾತ್ರ ಏಸಿ ಬದಲಾಯಿಸುವ ಮಾತು. ಕಾರವಾರದ ಲೆಕ್ಕ ಹೀಗೆ ಬಂತು: ರ‍್ಯಾಕ್‌ನ ಗರಿಷ್ಠ 1,540, ಗೋಡೆ-ಮಾಡು-ಜನ ಸೇರಿ 1,500 ಎಂದು ಹಿಡಿದರೆ ಒಟ್ಟು 3,040 ವ್ಯಾಟ್. ಒಂದೂವರೆ ಟನ್ ಏಸಿಯಿಂದ ನಮ್ಮ ಮುಕ್ಕಾಲು ಲೆಕ್ಕದಲ್ಲಿ ಸುಮಾರು 3,950 ಸಿಗುತ್ತದೆ. ಸಾಕು. ಆದರೆ ನನ್ನ ಮಾತು ಕೇಳುವುದಾದರೆ ಒಂದು ಟನ್ನಿನವು ಎರಡು ಹಾಕಿ. ಒಂದು ಕೆಟ್ಟ ದಿನ ಇನ್ನೊಂದು ಇರುತ್ತದೆ. ಕೆಡುವುದು ಯಾವಾಗಲೂ ಶನಿವಾರ ಸಂಜೆ, ಮೆಕ್ಯಾನಿಕ್ ಬರುವುದು ಸೋಮವಾರ.

ತಣ್ಣನೆ ರೂಮಿನಿಂದ ಸರ್ವರ್ ಹೊರಗೆ ತಂದು ರಿಪೇರಿ ಮಾಡಿದರೆ ಕೂಡಲೇ ಆನ್ ಮಾಡಬೇಡಿ. ಹೊರಗಿನ ಬಿಸಿಗೆ ಹೊಂದಿಕೊಂಡು ಒಣಗಲು ಒಂದೆರಡು ತಾಸು ಕೊಡಿ.

ಫ್ಯಾನ್‌ಗಳು ಮಧ್ಯಾಹ್ನ ಕೂಗುತ್ತವೆ, ವ್ಯಾಟೂ ಏರುತ್ತದೆ

ಕೆಲಸ ಅಷ್ಟೇ ಇದೆ, ವ್ಯಾಟ್ ಮಾತ್ರ ಏರಿದೆ ಎಂದರೆ ಫ್ಯಾನ್ ನೋಡಿ. ಫ್ಯಾನಿನ ವೇಗ ಎರಡು ಪಟ್ಟಾದರೆ ಅದು ತಿನ್ನುವ ಕರೆಂಟು ಎಂಟು ಪಟ್ಟು. ಅರ್ಧ ವೇಗದಲ್ಲಿ 10 ವ್ಯಾಟ್ ತಿನ್ನುವ ಫ್ಯಾನ್ ಸಾಲು ಪೂರ್ತಿ ವೇಗದಲ್ಲಿ 80 ತಿನ್ನುತ್ತದೆ. ಅದೂ ರೂಮಿಗೆ ಬಿಸಿಯೇ. ಅಂದರೆ ರೂಮು ಕಾದಷ್ಟೂ ಸರ್ವರ್ ಇನ್ನೂ ಬಿಸಿ ಮಾಡುತ್ತದೆ. ಒಂದೇ ಸರ್ವರ್ ಕೂಗುತ್ತಿದ್ದರೆ ಅದರ ಮುಂಭಾಗದ ದೂಳು, ಸತ್ತ ಫ್ಯಾನ್, ಸರಿಯಾಗಿ ಮುಚ್ಚದ ಮೇಲಿನ ತಗಡು ನೋಡಿ. ಎಲ್ಲವೂ ಒಟ್ಟಿಗೆ ಕೂಗಿದರೆ ರೂಮಿನ ತೊಂದರೆ.

ಕರೆಂಟು ಬಂದ ಕೂಡಲೇ ಎಂಸಿಬಿ ಬೀಳುತ್ತದೆ

ಓಡುವಾಗ ಏನೂ ಇಲ್ಲ, ಕರೆಂಟು ಹೋಗಿ ಬಂದಾಗ ಮಾತ್ರ ಬೀಳುತ್ತದೆ ಎಂದರೆ ಕಾರಣ ಮೊದಲ ಕ್ಷಣದ ಎಳೆತ. ಪ್ರತಿ ಪವರ್ ಸಪ್ಲೈ ಆನ್ ಆಗುವ ಕ್ಷಣದಲ್ಲಿ ಕೆಲವೇ ಮಿಲಿಸೆಕೆಂಡ್ ಹತ್ತಾರು ಆಂಪಿಯರ್ ಎಳೆಯುತ್ತದೆ. ಎಲ್ಲ ಒಟ್ಟಿಗೆ ಎಳೆದರೆ ಎಂಸಿಬಿ ಶಾರ್ಟ್ ಆಯಿತೆಂದು ತಿಳಿಯುತ್ತದೆ. ದುಡ್ಡಿಲ್ಲದ ಪರಿಹಾರ: ಎಂಸಿಬಿ ಏರಿಸುವ ಮೊದಲು ಎಲ್ಲ ಪ್ಲಗ್ ಸ್ವಿಚ್ ಆಫ್ ಮಾಡಿ, ಆಮೇಲೆ ಒಂದೊಂದಾಗಿ ಹಾಕಿ. ಸರ್ವರ್‌ನ ಬಯೋಸ್‌ನಲ್ಲಿ (ಸರ್ವರ್ ಆನ್ ಆಗುವಾಗ ಸಿಗುವ ಸೆಟ್ಟಿಂಗ್ ಪುಟ) ಕರೆಂಟು ಬಂದ ಮೇಲೆ ತಡೆದು ಆನ್ ಆಗುವ ಆಯ್ಕೆ ಇದ್ದರೆ ಒಂದೊಂದಕ್ಕೂ ಬೇರೆ ಬೇರೆ ಸಮಯ ಕೊಡಿ. ಇದರಿಂದ ಡಿಸ್ಕ್ ಮತ್ತು ಫ್ಯಾನ್ ಒಟ್ಟಿಗೆ ಎದ್ದು ಎಳೆಯುವುದು ತಪ್ಪುತ್ತದೆ. ಅದಕ್ಕೂ ಬಗ್ಗದಿದ್ದರೆ ಎಂಸಿಬಿ ಬಿ ಮಾದರಿಯದ್ದೋ, ಮೊದಲ ಕ್ಷಣದ ಎಳೆತವನ್ನು ಹೆಚ್ಚು ತಡೆದುಕೊಳ್ಳುವ ಸಿ ಮಾದರಿಯದ್ದೋ ಎಂದು ಎಲೆಕ್ಟ್ರಿಶಿಯನ್ ನೋಡಲಿ.

ಓಡುತ್ತಾ ಅರ್ಧ ಗಂಟೆಗೋ ಒಂದು ಗಂಟೆಗೋ ಬಿದ್ದರೆ ಅದು ನಿಜವಾದ ಓವರ್‌ಲೋಡ್. 16 ಆಂಪಿಯರ್ ಲೈನಿನಲ್ಲಿ ದಿನವಿಡೀ ಓಡುವ ಲೋಡ್ 12-13 ಆಂಪಿಯರ್ ದಾಟದಿರಲಿ. ವೋಲ್ಟೇಜ್ ಇಳಿದಾಗ ಸರ್ವರ್ ಕಡಿಮೆ ಎಳೆಯುತ್ತದೆ ಎಂದುಕೊಳ್ಳಬೇಡಿ. ಅದಕ್ಕೆ ಬೇಕಾದ ವ್ಯಾಟ್ ಅಷ್ಟೇ ಇರುವುದರಿಂದ ಆಂಪಿಯರ್ ಏರುತ್ತದೆ. 1,230 ವ್ಯಾಟ್ ರ‍್ಯಾಕ್ 230 ವೋಲ್ಟಿನಲ್ಲಿ 5.3 ಆಂಪಿಯರ್ ಎಳೆದರೆ 180ರಲ್ಲಿ 6.8 ಎಳೆಯುತ್ತದೆ. ಮಳೆಗಾಲದ ಸಂಜೆ ಪ್ಲಗ್ ಬಿಸಿಯಾಗುವುದಕ್ಕೆ ಇದೂ ಒಂದು ಕಾರಣ.

ಬಿದ್ದದ್ದು ಎಂಸಿಬಿ ಅಲ್ಲ, ಟೆಸ್ಟ್ ಗುಂಡಿ ಇರುವ ಆರ್‌ಸಿಸಿಬಿ ಎಂದಾದರೆ ವಿಷಯ ಬೇರೆ. ಅದು ಲೋಡ್ ಅಲ್ಲ, ಭೂಮಿಗೆ ಸೋರುವ ಕರೆಂಟು. ಪ್ರತಿ ಪವರ್ ಸಪ್ಲೈ ಸ್ವಲ್ಪ ಸೋರಿಸುತ್ತದೆ, ಹತ್ತು ಸೇರಿದರೆ 30 ಮಿಲಿಆಂಪಿಯರಿನ ಆರ್‌ಸಿಸಿಬಿಗೆ ಅದು ಜಾಸ್ತಿಯಾಗಬಹುದು. ಒದ್ದೆಯಾದ ವೈರಿಂಗೂ ಇರಬಹುದು. ಇದನ್ನು ಕಂಡುಹಿಡಿಯುವುದು ಎಲೆಕ್ಟ್ರಿಶಿಯನ್ ಕೆಲಸ. ದಯವಿಟ್ಟು ಆರ್‌ಸಿಸಿಬಿ ತಪ್ಪಿಸಿ ನೇರ ಕೊಡಬೇಡಿ. ತೆಳು ವೈರಿಗೆ 32ರ ಎಂಸಿಬಿ ಹಾಕಿಸಬೇಡಿ. ಎಂಸಿಬಿ ಇರುವುದು ವೈರನ್ನು ಕಾಯುವುದಕ್ಕೆ.

ಬಿಲ್ ಅಂದುಕೊಂಡದ್ದಕ್ಕಿಂತ ಜಾಸ್ತಿ

1,250 ವ್ಯಾಟ್ × 24 ಗಂಟೆ × 30 ದಿನ, ಅಂದರೆ 900 ಯೂನಿಟ್. ಆ ಬಿಸಿಯನ್ನು ಹೊರಗೆ ಹಾಕಲು ಏಸಿ ಸುಮಾರು ಅದರ ಮೂರನೇ ಒಂದು ಪಾಲು ತಿನ್ನುತ್ತದೆ ಎಂದು ಹಿಡಿಯಿರಿ, ಮತ್ತೆ 300. ಒಟ್ಟು 1,200 ಯೂನಿಟ್. ಹೆಸ್ಕಾಂ ಬಿಲ್ಲಿನಲ್ಲಿ ನಿಮ್ಮ ದರ ನೋಡಿ ಗುಣಿಸಿ. ಇದಕ್ಕಿಂತ ತುಂಬ ಹೆಚ್ಚಿದ್ದರೆ ಏಸಿಯ ಹೊರಗಿನ ಯೂನಿಟ್ ಮೊದಲು ನೋಡಿ. ಹಳೆಯ ಸರ್ವರ್‌ಗಳು ಕೆಲಸವಿಲ್ಲದೆ ಕೂತಾಗಲೂ ಗರಿಷ್ಠದ ಅರ್ಧದಷ್ಟು ತಿನ್ನುವುದು ಸಾಮಾನ್ಯ. ಯಾರೂ ಬಳಸದ ಒಂದು ಸರ್ವರ್ ರ‍್ಯಾಕ್‌ನಲ್ಲಿ ಸುಮ್ನೆ ಓಡುತ್ತಿದ್ದರೆ ಅದನ್ನು ಇಳಿಸುವುದೇ ದೊಡ್ಡ ಉಳಿತಾಯ.

ಯುಪಿಎಸ್ ಅರ್ಧ ಗಂಟೆ ಎಂದರು, ಕಾಲು ಗಂಟೆಗೆ ನಿಂತಿತು

ಪರದೆಯಲ್ಲಿ ಲೋಡ್ 40 ಶೇಕಡಾ ಎಂದು ಕಾಣುತ್ತದೆ. ಯಾವುದರ 40? 3 ಕೆವಿಎ (3,000 ವಿಎ) ಯುಪಿಎಸ್‌ನ ಪವರ್ ಫ್ಯಾಕ್ಟರ್, ಅಂದರೆ ವಿಎಯಲ್ಲಿ ವ್ಯಾಟ್ ಆಗಿ ಸಿಗುವ ಪಾಲು, 0.8 ಇದ್ದರೆ ಅದು ಕೊಡಬಲ್ಲದ್ದು 2,400 ವ್ಯಾಟ್ ಮಾತ್ರ. ಯುಪಿಎಸ್ ಜೊತೆ ಬಂದ ಕೈಪಿಡಿಯಲ್ಲಿ ಇದನ್ನು ಮೊದಲು ಖಚಿತ ಮಾಡಿಕೊಳ್ಳಿ.

ಆಮೇಲೆ ಬ್ಯಾಟರಿ. 12 ವೋಲ್ಟ್, 7 ಆಂಪಿಯರ್-ಗಂಟೆ ಅಂದರೆ 7 ಎಎಚ್‌ನ ಎಂಟು ಬ್ಯಾಟರಿ ಎಂದರೆ ಕಾಗದದ ಮೇಲೆ 672 ವ್ಯಾಟ್-ಗಂಟೆ. 1,120 ವ್ಯಾಟಿಗೆ 36 ನಿಮಿಷ ಬರಬೇಕು. ಬರುವುದಿಲ್ಲ. ಆ 7 ಎಎಚ್ ಇರುವುದು 20 ಗಂಟೆ ನಿಧಾನವಾಗಿ ಎಳೆದರೆ. ಕಾಲು ಗಂಟೆಯಲ್ಲಿ ಎಳೆದರೆ ಸಿಗುವುದು ಅರ್ಧದಷ್ಟೇ. ಯುಪಿಎಸ್‌ನ ಸ್ವಂತ ನಷ್ಟ ಕಳೆದರೆ ಸುಮಾರು 300 ವ್ಯಾಟ್-ಗಂಟೆ, ಅಂದರೆ 16 ನಿಮಿಷ. ಹಾಗಾಗಿ ಹೊಸ ಬ್ಯಾಟರಿಯಲ್ಲೂ 16 ನಿಮಿಷ ಬಂದರೆ ದೋಷವೇನಿಲ್ಲ. ಮೊದಲು 16 ಬರುತ್ತಿದ್ದದ್ದು ಈಗ 6ಕ್ಕೆ ಇಳಿದಿದೆ ಎಂದರೆ ಬ್ಯಾಟರಿ ಮುಗಿದಿದೆ. 25 ಡಿಗ್ರಿಗಿಂತ ಪ್ರತಿ 10 ಡಿಗ್ರಿ ಏರಿಕೆಗೆ ಈ ಬ್ಯಾಟರಿಗಳ ಆಯಸ್ಸು ಅರ್ಧವಾಗುತ್ತದೆ. ರೂಮು 35ರಲ್ಲಿ ಕಾದ ಬೇಸಿಗೆ ಬ್ಯಾಟರಿಯ ಆಯಸ್ಸಿನಲ್ಲಿ ಕಾಣುತ್ತದೆ.

ಬ್ಯಾಕಪ್ ಸಾಲದೆಂದು ನಾಲ್ಕು ಗಂಟೆ ಬರುವ ದೊಡ್ಡ ಬ್ಯಾಟರಿ ಹಾಕಿಸುವವರಿಗೆ ಒಂದು ಮಾತು. ಜೂನ್-ಜುಲೈಯಲ್ಲಿ ಮರ ಬಿದ್ದು ಲೈನ್ ಹೋದರೆ ಏಸಿ ನಿಲ್ಲುತ್ತದೆ, ಸರ್ವರ್ ನಿಲ್ಲುವುದಿಲ್ಲ. ಉದ್ದ, ಅಗಲ, ಎತ್ತರ ಮೂರೂ ಮೂರು ಮೀಟರಿನ ರೂಮಿನ ಗಾಳಿಯನ್ನಷ್ಟೇ ಲೆಕ್ಕ ಹಿಡಿದರೆ 1,250 ವ್ಯಾಟ್ ಅರ್ಧ ನಿಮಿಷದೊಳಗೆ ಒಂದು ಡಿಗ್ರಿ ಏರಿಸುತ್ತದೆ. ಗೋಡೆ, ನೆಲ, ಕಬ್ಬಿಣ ಬಿಸಿ ಹೀರುವುದರಿಂದ ನಿಜದಲ್ಲಿ ಇದಕ್ಕಿಂತ ನಿಧಾನ. ಆದರೂ ಬಾಗಿಲು ಮುಚ್ಚಿದ ರೂಮು ಬ್ಯಾಟರಿ ಮುಗಿಯುವ ಎಷ್ಟೋ ಮೊದಲೇ 35 ದಾಟುತ್ತದೆ. ಒಂದು ದಿನ, ನೀವು ಎದುರಿಗೆ ಇರುವಾಗ, ಏಸಿ ನಿಲ್ಲಿಸಿ ಸರ್ವರ್ ಮುಂದೆ 24ರಿಂದ 32ಕ್ಕೆ ಏರಲು ಎಷ್ಟು ನಿಮಿಷ ಹಿಡಿಯುತ್ತದೆ ಎಂದು ನೋಡಿ. 32 ಆದ ಕೂಡಲೇ ಏಸಿ ಹಾಕಿಬಿಡಿ. ಆ ನಿಮಿಷವೇ ನಿಮ್ಮ ನಿಜವಾದ ಬ್ಯಾಕಪ್. ಸರ್ವರ್ ತಾನೇ ಶಟ್‌ಡೌನ್ ಆಗುವ ಸಮಯವನ್ನು ಅದಕ್ಕಿಂತ ಕಡಿಮೆಗೆ ಇಡಿ.

ಶಿರಸಿಯಂಥ ಘಟ್ಟದ ಮೇಲಿನ ಊರುಗಳಲ್ಲಿ ಹೊರಗಿನ ಗಾಳಿ ತಂಪಾಗಿರುವ ಹೊತ್ತಿಗೆ ಇದಕ್ಕೆ ಅಗ್ಗದ ದಾರಿ ಇದೆ. ಯುಪಿಎಸ್ ಮೇಲೆ ಓಡುವ ಒಂದು ಎಕ್ಸಾಸ್ಟ್ ಫ್ಯಾನ್. ಅಳತೆ ಹೀಗೆ: ವ್ಯಾಟನ್ನು 3ರಿಂದ ಗುಣಿಸಿ, ಹೊರಗಿಗಿಂತ ಎಷ್ಟು ಡಿಗ್ರಿ ಏರಿಕೆ ತಡೆದುಕೊಳ್ಳಬಲ್ಲಿರಿ ಎಂಬುದರಿಂದ ಭಾಗಿಸಿ. 1,900 × 3 ÷ 8 ಎಂದರೆ ಗಂಟೆಗೆ ಸುಮಾರು 710 ಘನ ಮೀಟರ್ ಗಾಳಿ. ಫ್ಯಾನಿನ ಪೆಟ್ಟಿಗೆಯ ಮೇಲೆ ಈ ಅಂಕಿ ಬರೆದಿರುತ್ತದೆ. ಜಾಲರಿ ಹಾಕಿದ ಮೇಲೆ ಗಾಳಿ ಕಡಿಮೆಯಾಗುತ್ತದೆ, ಸ್ವಲ್ಪ ದೊಡ್ಡದೇ ತನ್ನಿ. ಗಾಳಿ ಒಳಗೆ ಬರಲು ಎದುರು ಗೋಡೆಯಲ್ಲಿ ಕೆಳಗೆ ಅಷ್ಟೇ ದೊಡ್ಡ ಕಿಂಡಿ ಇರಲಿ, ಅದಕ್ಕೆ ದೂಳು ತಡೆಯುವ ಬಟ್ಟೆಯೂ ಹಲ್ಲಿ ಬಾರದ ಹಾಗೆ ಸಣ್ಣ ಜಾಲರಿಯೂ ಇರಲಿ. ಏಸಿ ಓಡುವಾಗ ಎರಡನ್ನೂ ಮುಚ್ಚಿಡುವ ಬಾಗಿಲು ಬೇಕು. ಕಾರವಾರದ ಕಡೆ ಇದನ್ನು ಮಾಡಬೇಡಿ. ಅಲ್ಲಿ ಕಿಂಡಿಯಿಂದ ಉಪ್ಪಿನ ಗಾಳಿಯೇ ಒಳಗೆ ಬರುತ್ತದೆ.